ಕೊಲೆಗಡುಕರ ಸಾಲು

ಮನುಷ್ಯನಿಗೆ ಹೆಸರು ಎರಡು ದಾರಿಯಿಂದ ಬರುತ್ತದೆ. ತಾಯಿತಂದೆಗಳು ತೊಟ್ಟಿಲಿನಲ್ಲಿ ಇಡುವುದು ಒಂದು; ಲೋಕವು ಬೀದಿಯಲ್ಲಿ ಇಡುವುದು ಇನ್ನೊಂದು. ಮೊದಲನೆಯದಕ್ಕೆ ಪಂಚಾಂಗ, ಪುರೋಹಿತರು, ಸಕ್ಕರೆ ಹಂಚುವಿಕೆ ಎಲ್ಲವೂ ಉಂಟು. ಎರಡನೆಯದಕ್ಕೆ ಇವೊಂದೂ ಬೇಡ. ಯಾರೋ ಒಬ್ಬನ ಬಾಯಿಂದ ಹೊರಡುತ್ತದೆ, ನಾಲ್ಕು ಜನ ನಗುತ್ತಾರೆ, ಮರುದಿನ ಊರಿಗೆಲ್ಲ ಅದೇ ಹೆಸರು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠಶಾಲೆಯಲ್ಲಿ ಸೀಮೆಸುಣ್ಣ ಹಿಡಿದಿದ್ದ ನಮಗೆ ಈ ಎರಡನೆಯ ಬಗೆಯ ನಾಮಕರಣದ ಪರಿಚಯ ಸಾಕಷ್ಟುಂಟು. ಉಪಾಧ್ಯಾಯರಿಗೆ ಅಡ್ಡಹೆಸರಿಡದ ತರಗತಿ ಭರತಖಂಡದಲ್ಲಿ ಎಲ್ಲಿಯಾದರೂ ಇದ್ದೀತೆಂದು ನಾವು ನಂಬೆವು.

ಒಬ್ಬನಿಗೆ ಅಡ್ಡಹೆಸರಿಡುವುದು ಸುಲಭ. ಅವನ ನಡಿಗೆಯೋ ಮೂಗೋ ಮಾತಿನ ವರಸೆಯೋ ಸಾಕು. ಹಲವರಿಗೆ ಸೇರಿಸಿ ಒಂದೇ ಹೆಸರಿಡುವುದು ಮಾತ್ರ ಕಷ್ಟ. ನಮ್ಮ ಹಿರಿಯರು ಇದಕ್ಕೆ ಸಂಖ್ಯೆಯನ್ನು ಹಿಡಿದರು: ಸಪ್ತರ್ಷಿಗಳು, ನವರತ್ನಗಳು, ಅಷ್ಟದಿಗ್ಗಜಗಳು. ಸಂಖ್ಯೆ ಇದ್ದರೆ ಲೆಕ್ಕ ತಪ್ಪುವುದಿಲ್ಲ. ಹತ್ತನೆಯವನು ನವರತ್ನದೊಳಕ್ಕೆ ನುಗ್ಗಲಾರನು. ಈ ತಿಂಗಳು ನಾವು ಹೇಳಬೇಕೆಂದಿರುವ ಹೆಸರಿನಲ್ಲಿ ಸಂಖ್ಯೆಯಿಲ್ಲ. ಅದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬೇಸ್‌ಬಾಲ್ ಆಟದ ಒಂದು ತಂಡದ ದಾಂಡಿಗರಿಗೆ ಬಂದ ಹೆಸರು: ‘ಮರ್ಡರರ್ಸ್ ರೋ’. ಕನ್ನಡದಲ್ಲಿ ಹೇಳುವುದಾದರೆ ಕೊಲೆಗಡುಕರ ಸಾಲು. ಮನೆಮಂದಿಯೆಲ್ಲ ಓದುವ ಪತ್ರಿಕೆಯ ಪುಟದ ತಲೆಯ ಮೇಲೆ ಇಂಥ ಶಬ್ದವನ್ನು ಕಂಡು ವಾಚಕರು ಗಾಬರಿಯಾಗಬೇಕಾದುದಿಲ್ಲ. ಈ ವೃತ್ತಾಂತದಲ್ಲಿ ರಕ್ತಪಾತವಿಲ್ಲ. ಸಂಕಟ ಮಾತ್ರ ಉಂಟು.

ಮೊದಲು ಆಟದ ವಿಷಯವಾಗಿ ನಾಲ್ಕು ಮಾತು. ಕ್ರಿಕೆಟ್ಟನ್ನು ಬಲ್ಲವರಿಗೆ ಇದು ಅದರ ದಾಯಾದಿಯೆಂದರೆ ಸಾಕು. ತಂಡಕ್ಕೆ ಒಂಬತ್ತು ಜನ. ಒಬ್ಬನು ಚೆಂಡನ್ನು ಎಸೆಯುವನು. ಎದುರಾಳಿಯು ದುಂಡನೆಯ ದಾಂಡಿನಿಂದ ಹೊಡೆಯುವನು. ಹೊಡೆದವನು ಚೌಕದ ಮೂಲೆಗಳಲ್ಲಿರುವ ನೆಲೆಗಳನ್ನು ಒಂದೊಂದಾಗಿ ಮುಟ್ಟುತ್ತ ಸುತ್ತು ಮುಗಿಸಿ ಬಂದರೆ ಒಂದು ಓಟ. ಚೆಂಡು ಬೇಲಿಯನ್ನು ದಾಟಿ ಹೋಯಿತೆಂದರೆ ಅವನೂ, ನೆಲೆಗಳಲ್ಲಿ ಕಾದು ನಿಂತವರೂ ನಿಶ್ಚಿಂತೆಯಿಂದ ಮನೆಗೆ ಬರಬಹುದು. ಅದಕ್ಕೆ ‘ಹೋಮ್ ರನ್’ ಎಂದು ಹೆಸರು. ಕ್ರಿಕೆಟ್ಟಿನಲ್ಲಿ ಒಬ್ಬ ಸಮರ್ಥನು ದಿನವಿಡೀ ನಿಂತು ಆಡಬಲ್ಲನು. ಇಲ್ಲಿ ಹಾಗಿಲ್ಲ. ಒಬ್ಬನ ಸರದಿ ಮುಗಿಯಿತೆಂದರೆ ಮುಂದಿನವನು, ಅವನದು ಮುಗಿಯಿತೆಂದರೆ ಅದರ ಮುಂದಿನವನು. ಒಂಬತ್ತು ಮುಗಿದು ಮತ್ತೆ ಒಂದು. ಈ ಕ್ರಮವನ್ನು ಆಟಕ್ಕೆ ಮೊದಲೇ ಬರೆದುಕೊಡಬೇಕು. ಆದಕಾರಣ ಬೇಸ್‌ಬಾಲಿನಲ್ಲಿ ‘ಸಾಲು’ ಎಂಬುದಕ್ಕೆ ವಿಶೇಷವಾದ ತೂಕವುಂಟು.

ಇನ್ನು ಹೆಸರಿನ ಹುಟ್ಟು. ೧೮೩೮ನೆಯ ಇಸವಿಯಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸೆರೆಮನೆಯನ್ನು ತೆರೆದರು. ಅದರ ಕಟ್ಟೋಣವು ಪುರಾತನ ಈಜಿಪ್ಟಿನ ಗೋರಿಗಳನ್ನು ಹೋಲುತ್ತಿದ್ದುದರಿಂದ ಜನರು ಅದನ್ನು ‘ಟೂಂಬ್ಸ್’ ಎಂದು, ಅಂದರೆ ಗೋರಿಗಳೆಂದು ಕರೆದರು. ಅದರೊಳಗೆ ಕೊಲೆಯ ಆಪಾದನೆ ಹೊತ್ತವರನ್ನು ಬೇರೆಯಾಗಿರಿಸುತ್ತಿದ್ದ ಕೊಠಡಿಗಳ ಸಾಲೊಂದಿತ್ತು. ಅದು ಕೊಲೆಗಡುಕರ ಸಾಲು. ಪತ್ರಿಕೆಯ ಬರಹಗಾರರು ಆ ಮಾತನ್ನು ಸೆರೆಮನೆಯಿಂದ ಎತ್ತಿಕೊಂಡು ಆಟದ ಬಯಲಿಗೆ ತಂದರು.

ನಮ್ಮ ಅಲಂಕಾರಶಾಸ್ತ್ರಕ್ಕೆ ಇದು ಹೊಸತಲ್ಲ. ಶಬ್ದದ ಮುಖ್ಯಾರ್ಥವು ಹೊಂದದೆ ಹೋದಾಗ, ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ಒಂದು ಪ್ರಯೋಜನಕ್ಕಾಗಿ ಹಿಡಿಯುವುದಕ್ಕೆ ಲಕ್ಷಣಾವೃತ್ತಿಯೆಂದು ಹೆಸರು. ಗಂಗೆಯಲ್ಲಿ ಹಳ್ಳಿಯಿದೆ ಎಂದರೆ ನೀರಿನ ಮೇಲೆ ಮನೆ ಕಟ್ಟಿದ್ದಾರೆಂದು ಯಾರೂ ತಿಳಿಯುವುದಿಲ್ಲ, ದಡದಲ್ಲಿದೆಯೆಂದು ತಿಳಿಯುತ್ತಾರೆ. ಆದರೆ ದಡವೆನ್ನದೆ ಗಂಗೆಯೆಂದುದರಿಂದ ತಂಪೂ ಪಾವನತ್ವವೂ ತಾವಾಗಿ ತೋರುತ್ತವೆ. ಹಾಗೆಯೇ ‘ಬಲಶಾಲಿ ದಾಂಡಿಗರು’ ಎನ್ನದೆ ‘ಕೊಲೆಗಡುಕರು’ ಎಂದುದರಿಂದ, ಚೆಂಡನ್ನು ಎಸೆಯಬೇಕಾದವನ ಎದೆಯ ನಡುಕವು ತಾನಾಗಿ ತೋರುತ್ತದೆ. ಆದರೆ ಚಮತ್ಕಾರವಿರುವುದು ಕೊಲೆಯೆಂಬ ಶಬ್ದದಲ್ಲಲ್ಲ, ಸಾಲೆಂಬ ಶಬ್ದದಲ್ಲಿ. ಕೊಠಡಿಗಳೂ ಸಾಲಾಗಿವೆ, ದಾಂಡಿಗರೂ ಸಾಲಾಗಿ ಬರುತ್ತಾರೆ. ಚೆಂಡೆಸೆಯುವವನು ಒಂದು ಕೊಠಡಿಯನ್ನು ದಾಟಿ ಉಸಿರುಬಿಡುವಷ್ಟರಲ್ಲಿ ಮುಂದಿನ ಕೊಠಡಿಯ ಬಾಗಿಲು ತೆರೆಯುತ್ತದೆ.

ಆ ದೇಶದವರಿಗೆ ಇಂಥ ಹೆಸರುಗಳಲ್ಲಿ ಬಹಳ ಪ್ರೀತಿ. ೧೯೭೫ ಮತ್ತು ೧೯೭೬ರಲ್ಲಿ ಎಲ್ಲರನ್ನೂ ಗೆದ್ದ ಸಿನ್ಸಿನಾಟಿಯ ತಂಡಕ್ಕೆ ದೊಡ್ಡ ಕೆಂಪು ಯಂತ್ರವೆಂದು ಹೆಸರು. ಹ್ಯೂಸ್ಟನ್ನಿನಲ್ಲಿ ಬಿಜಿಯೊ, ಬ್ಯಾಗ್‌ವೆಲ್, ಬೆಲ್ ಎಂಬ ಮೂವರಿದ್ದಾಗ ಅವರಿಗೆ ‘ಕಿಲ್ಲರ್ ಬೀಸ್’ ಎಂದರು. ಇಂಗ್ಲಿಷಿನಲ್ಲಿ ‘ಬೀ’ ಎಂದರೆ ಆ ಮೂವರ ಹೆಸರಿನ ಮೊದಲ ಅಕ್ಷರವೂ ಹೌದು, ಜೇನುನೊಣವೂ ಹೌದು. ಅನುಪ್ರಾಸವೂ ಶ್ಲೇಷವೂ ಒಂದೇ ಮಾತಿನಲ್ಲಿ. ಸಮುದ್ರಮಟ್ಟಕ್ಕಿಂತ ಒಂದು ಮೈಲಿ ಎತ್ತರದ ಡೆನ್ವರ್ ನಗರದಲ್ಲಿ ಗಾಳಿ ತೆಳುವಾದ್ದರಿಂದ ಚೆಂಡು ದೂರ ಹಾರುತ್ತದೆ. ಅಲ್ಲಿ ೧೯೯೫ರಲ್ಲಿ ಬಿಷೆಟ್, ವಾಕರ್, ಕಸ್ಟೀಯಾ, ಗಲರಾಗಾ ಎಂಬ ನಾಲ್ವರು ತಲಾ ೩೦ಕ್ಕೆ ಮೇಲ್ಪಟ್ಟು ಹೋಮ್ ರನ್ ಹೊಡೆದು, ಬಯಲಿನ ಪಕ್ಕದ ಬೀದಿಯ ಹೆಸರಿನಿಂದ ‘ಬ್ಲೇಕ್ ಸ್ಟ್ರೀಟಿನ ಬಾಂಬುಗಾರರು’ ಎನಿಸಿಕೊಂಡರು. ಇವೆಲ್ಲವೂ ಸೊಗಸಾದವೇ; ಆದರೆ ಇವೆಲ್ಲಕ್ಕೂ ಅಜ್ಜನೆನ್ನಬಹುದಾದದ್ದು ಕೊಲೆಗಡುಕರ ಸಾಲು.

ಇಂದು ಆ ಹೆಸರನ್ನು ಹೇಳಿದರೆ ಬೇಸ್‌ಬಾಲ್ ಬಲ್ಲವರ ಕಣ್ಣ ಮುಂದೆ ಬಂದು ನಿಲ್ಲುವುದು ೧೯೨೭ರ ನ್ಯೂಯಾರ್ಕ್ ಯಾಂಕೀಸ್ ತಂಡ. ಸರದಿಯ ಮೊದಲ ಆರು ಜನರು ಅರ್ಲ್ ಕೋಮ್ಸ್, ಮಾರ್ಕ್ ಕೇನಿಗ್, ಬೇಬ್ ರೂತ್, ಲೂ ಗೆರಿಗ್, ಬಾಬ್ ಮ್ಯೂಸಲ್, ಟೋನಿ ಲಾಜೆರಿ ಎಂಬಿವರು. ಆ ವರ್ಷ ತಂಡವು ೧೧೦ ಪಂದ್ಯಗಳನ್ನು ಗೆದ್ದು ೪೪ನ್ನು ಮಾತ್ರ ಸೋತಿತು. ರೂತ್ ಒಬ್ಬನೇ ೬೦ ಹೋಮ್ ರನ್ ಹೊಡೆದನು. ಅವರ ಕೂಟದಲ್ಲಿದ್ದ ಉಳಿದ ೭ ತಂಡಗಳಲ್ಲಿ ಯಾವೊಂದು ತಂಡವೂ ಇಡೀ ವರ್ಷದಲ್ಲಿ ಎಲ್ಲರೂ ಸೇರಿ ಅಷ್ಟನ್ನು ಹೊಡೆಯಲಿಲ್ಲವೆಂದರೆ ಆ ಸಂಖ್ಯೆಯ ಪ್ರಮಾಣವು ವಾಚಕರಿಗೆ ತಿಳಿದೀತು. ಈ ದಾಖಲೆಯು ೧೯೬೧ರವರೆಗೂ ನಿಂತಿತ್ತು. ಗೆರಿಗನು ೪೭ ಹೊಡೆದನು. ಸೆಪ್ಟೆಂಬರಿನ ಆರಂಭದವರೆಗೂ ಅವನೂ ರೂತನೂ ಸರಿಸುಮಾರಾಗಿ ಜೊತೆಜೊತೆಗೇ ಇದ್ದರು. ಕೂಟದಲ್ಲಿ ಮೂರನೆಯ ಸ್ಥಾನ ೧೮ ಹೊಡೆದ ಲಾಜೆರಿಯದು. ಮೊದಲ ಮೂವರೂ ಒಂದೇ ಮನೆಯವರು!

ಇಲ್ಲಿ ಸಾಲಿನ ಮರ್ಮವನ್ನು ತಿಳಿಯಬೇಕು. ಎದುರಿಗಿರುವ ದಾಂಡಿಗನು ಭಯಂಕರನಾಗಿದ್ದರೆ ಅವನಿಂದ ತಪ್ಪಿಸಿಕೊಳ್ಳಲು ಚೆಂಡೆಸೆಯುವವನಿಗೆ ಒಂದು ಉಪಾಯವುಂಟು. ಬೇಕೆಂದೇ ದೂರಕ್ಕೆ ನಾಲ್ಕು ಕೆಟ್ಟ ಚೆಂಡುಗಳನ್ನು ಎಸೆದರೆ ದಾಂಡಿಗನು ಹೊಡೆಯದೆಯೇ ಮೊದಲ ನೆಲೆಗೆ ನಡೆದು ಹೋಗಬೇಕು. ದೊಡ್ಡ ನಷ್ಟಕ್ಕೆ ಬದಲಾಗಿ ಸಣ್ಣ ನಷ್ಟ. ಒಬ್ಬನೇ ಶೂರನಿರುವ ತಂಡವನ್ನು ಹೀಗೆ ಕಟ್ಟಿಹಾಕಬಹುದು. ಆದರೆ ರೂತನನ್ನು ತಪ್ಪಿಸಿ ನೆಲೆಯ ಮೇಲೆ ನಿಲ್ಲಿಸಿದರೆ ಮುಂದೆ ಬರುವವನು ಗೆರಿಗ್! ಅವನನ್ನೂ ತಪ್ಪಿಸಿದರೆ ಮ್ಯೂಸಲ್, ಆಮೇಲೆ ಲಾಜೆರಿ. ಹೀಗೆ ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ಕಾವಲಾಗಿದ್ದನು. ರೂತನ ೬೦ರಲ್ಲಿ ಗೆರಿಗನಿಗೂ ಪಾಲುಂಟೆಂದು ಬಲ್ಲವರು ಹೇಳುವುದು ಇದೇ ಕಾರಣದಿಂದ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಈ ನ್ಯಾಯವನ್ನು ವಿವರಿಸಬೇಕಾಗಿಲ್ಲ.

ಆ ವರ್ಷದ ಕೊನೆಯ ಮಹಾಪಂದ್ಯಗಳಲ್ಲಿ ಯಾಂಕೀಸ್ ತಂಡವು ಪಿಟ್ಸ್‌ಬರ್ಗನ್ನು ನಾಲ್ಕಕ್ಕೆ ನಾಲ್ಕು ಸಲ ಸೋಲಿಸಿತು. ಪಂದ್ಯಕ್ಕೆ ಮುನ್ನ ಇವರ ಅಭ್ಯಾಸವನ್ನು ನೋಡಿಯೇ ಪಿಟ್ಸ್‌ಬರ್ಗಿನವರ ಕೈಕಾಲು ಉಡುಗಿಹೋದುವೆಂದು ಒಂದು ಕಥೆಯುಂಟು. ಕಥೆ ಕಥೆಯಾಗಿಯೇ ಇರಲಿ. ದಾಖಲೆಯಲ್ಲಿರುವುದು ಅದಕ್ಕಿಂತ ಸ್ವಾರಸ್ಯವಾಗಿದೆ. ನಾಲ್ಕು ಪಂದ್ಯಗಳಲ್ಲಿ ಎರಡನ್ನು ಒಂದೇ ಒಂದು ಓಟದ ಅಂತರದಲ್ಲಿ ಗೆದ್ದರು. ನಾಲ್ಕರಲ್ಲಿಯೂ ಸೇರಿ ಇವರು ಹೊಡೆದ ಹೋಮ್ ರನ್ ಎರಡೇ, ಎರಡೂ ರೂತನವು. ನಾಲ್ಕನೆಯ ಪಂದ್ಯದ ಕೊನೆಯ ಸರದಿಯಲ್ಲಿ ಎರಡು ಕಡೆಯೂ ಸಮವಾಗಿದ್ದುವು. ಮೂರು ನೆಲೆಗಳಲ್ಲಿಯೂ ಯಾಂಕೀಸಿನವರು ನಿಂತಿದ್ದರು. ಪಿಟ್ಸ್‌ಬರ್ಗಿನ ಮಿಲ್ಜಸ್ ಎಂಬ ಎಸೆತಗಾರನು ಗೆರಿಗನನ್ನು ಕೆಡವಿದನು, ಮ್ಯೂಸಲನನ್ನು ಕೆಡವಿದನು. ಇನ್ನು ಲಾಜೆರಿಯೊಬ್ಬನು ಉಳಿದನು. ಆಗ ಅವನ ಕೈಯಿಂದ ಚೆಂಡು ತಪ್ಪಿ ಹಿಡಿಯುವವನಿಗೂ ಸಿಕ್ಕದೆ ಹಾರಿಹೋಯಿತು. ಮೂರನೆಯ ನೆಲೆಯಲ್ಲಿದ್ದ ಕೋಮ್ಸ್ ಓಡಿಬಂದು ಮನೆಯನ್ನು ಮುಟ್ಟಿದನು. ಜಗತ್ತಿನ ಅತ್ಯಂತ ಬಲಶಾಲಿ ದಾಂಡಿಗರ ಸಾಲು ಆ ವರ್ಷದ ಕಟ್ಟಕಡೆಯ ಗೆಲವನ್ನು ದಾಂಡೆತ್ತದೆ ಪಡೆಯಿತು.

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಒಂದು ಗುಂಪಿಗೆ ಹೆಸರು ಬಂದಾಗ, ಅದರ ಪಕ್ಕದಲ್ಲಿ ನಿಂತವರು ಹೆಸರಿಲ್ಲದವರಾಗುತ್ತಾರೆ. ಅದೇ ೧೯೨೭ರಲ್ಲಿ ಎದುರಾಳಿಗಳಿಗೆ ಓಟಗಳನ್ನು ಅತ್ಯಂತ ಕಡಮೆಯಾಗಿ ಕೊಟ್ಟ ಎಸೆತಗಾರರೂ ಕೂಟದಲ್ಲಿ ಈ ತಂಡದವರೇ ಆಗಿದ್ದರು. ಅವರಿಗೆ ಯಾವ ಅಡ್ಡಹೆಸರೂ ಬರಲಿಲ್ಲ. ಅವರಲ್ಲಿ ಅರ್ಬನ್ ಶಾಕರ್ ಎಂಬವನೊಬ್ಬನು. ಅವನ ಹೃದಯ ಕೆಟ್ಟಿತ್ತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಕುಳಿತುಕೊಂಡೇ ನಿದ್ರಿಸುತ್ತಿದ್ದನು. ಆ ಸ್ಥಿತಿಯಲ್ಲಿ ಆ ವರ್ಷ ೧೮ ಪಂದ್ಯಗಳನ್ನು ಗೆದ್ದು ೬ನ್ನು ಮಾತ್ರ ಸೋತನು. ಮರುವರ್ಷ, ೧೯೨೮ರ ಸೆಪ್ಟೆಂಬರ್ ೯ರಂದು, ಮೂವತ್ತೆಂಟು ತುಂಬುವ ಮೊದಲೇ ತೀರಿಕೊಂಡನು. ಸಾಲಿನ ಹೆಸರು ಅವನನ್ನು ಒಳಗೊಳ್ಳಲಿಲ್ಲ. ಸಾಲಿನ ಗೆಲವು ಅವನನ್ನು ಬಿಟ್ಟು ಆಗುತ್ತಿರಲಿಲ್ಲ.

ಇದು ಪಕ್ಕದಲ್ಲಿ ನಿಂತವರ ಮಾತಾಯಿತು. ಇನ್ನು ಮುಂಚೆ ನಿಂತವರ ಮಾತು. ನಾವು ಈ ಲೇಖನವನ್ನು ಕೈಗೆತ್ತಿಕೊಂಡುದು ಮುಖ್ಯವಾಗಿ ಅದಕ್ಕಾಗಿಯೇ.

ಕೊಲೆಗಡುಕರ ಸಾಲೆಂಬ ಹೆಸರನ್ನು ಮೊದಲು ಪಡೆದವರು ರೂತನೂ ಅಲ್ಲ, ಗೆರಿಗನೂ ಅಲ್ಲ. ರೂತನು ಇನ್ನೂ ಬಾಸ್ಟನ್ನಿನಲ್ಲಿ ಆಡುತ್ತಿದ್ದ, ಗೆರಿಗನು ಶಾಲೆಯ ಹುಡುಗನಾಗಿದ್ದ ೧೯೧೮ರಲ್ಲಿಯೇ ಪತ್ರಿಕೆಗಳು ಯಾಂಕೀಸ್ ತಂಡದ ಮೊದಲ ಆರು ದಾಂಡಿಗರನ್ನು ಹೀಗೆ ಕರೆದಿದ್ದುವು. ಗಿಲ್‌ಹೂಲಿ, ಪೆಕಿನ್‌ಪಾ, ಬೇಕರ್, ಪ್ರಾಟ್, ಪಿಪ್, ಬೋಡಿ ಎಂಬ ಆರು ಜನರು. ಆ ವರ್ಷ ತಂಡವು ೬೦ ಗೆದ್ದು ೬೩ ಸೋತು ನಾಲ್ಕನೆಯ ಸ್ಥಾನದಲ್ಲಿ ನಿಂತಿತೆಂಬುದನ್ನು ನೋಡಿದರೆ, ಹೆಸರು ಯೋಗ್ಯತೆಗಿಂತ ಮುಂಚಿತವಾಗಿ ಬಂದಿತೆಂದು ಹೇಳಬೇಕು. ಅಂದಿನ ಆಟವೂ ಬೇರೆ. ಮೆತ್ತಗಾಗಿ ಕಪ್ಪಾದ ಚೆಂಡನ್ನೇ ಬಹುಹೊತ್ತು ಆಡುತ್ತಿದ್ದರು. ಅದು ದೂರ ಹೋಗುತ್ತಿರಲಿಲ್ಲ. ಈ ಆರು ಜನರಲ್ಲಿ ಫ್ರಾಂಕ್ ಬೇಕರನಿಗೆ ‘ಹೋಮ್ ರನ್ ಬೇಕರ್’ ಎಂದೇ ಬಿರುದು. ೧೯೧೧ರ ಮಹಾಪಂದ್ಯಗಳಲ್ಲಿ ಎರಡು ದಿನ ಒಂದರ ಮೇಲೊಂದರಂತೆ ಹೋಮ್ ರನ್ ಹೊಡೆದು ಅದನ್ನು ಸಂಪಾದಿಸಿದ್ದನು. ಯಾವೊಂದು ವರ್ಷದಲ್ಲಿಯೂ ಅವನು ೧೨ಕ್ಕೆ ಮೇಲೆ ಹೊಡೆದವನಲ್ಲ. ಹತ್ತು ದೀಪಗಳಿದ್ದ ಕಾಲದ ದೀಪೋತ್ಸವವನ್ನು ಸಾವಿರ ದೀಪಗಳ ಕಾಲದವರು ನೋಡಿ ನಗಬಾರದು.

ಆರರಲ್ಲಿ ಐದನೆಯವನು ವಾಲಿ ಪಿಪ್. ತಂದೆತಾಯಿಗಳಿಟ್ಟ ಹೆಸರು ವಾಲ್ಟರ್. ೧೯೧೬ರಲ್ಲಿ ೧೨ ಹೋಮ್ ರನ್, ೧೯೧೭ರಲ್ಲಿ ೯ ಹೋಮ್ ರನ್ ಹೊಡೆದು ಎರಡು ವರ್ಷವೂ ಕೂಟದಲ್ಲಿ ಮೊದಲಿಗನಾದನು. ಮುಂದೆ ರೂತನೂ ಗೆರಿಗನೂ ಏರಿದ ಆ ಪೀಠದ ಮೇಲೆ ಯಾಂಕೀಸ್ ತಂಡದಿಂದ ಮೊದಲು ಕುಳಿತವನು ಇವನೇ. ೧೯೧೫ರಿಂದ ಹನ್ನೊಂದು ವರ್ಷ ಮೊದಲ ನೆಲೆಯನ್ನು ಕಾಯ್ದನು. ೧೯೨೩ರಲ್ಲಿ ತಂಡವು ಮೊತ್ತಮೊದಲ ಸಲ ಮಹಾಪಂದ್ಯಗಳನ್ನು ಗೆದ್ದಾಗಲೂ ಅಲ್ಲಿದ್ದನು.

೧೯೨೫ರ ಜೂನ್ ೨ರಂದು ತಂಡದ ಮೇಲ್ವಿಚಾರಕನಾದ ಮಿಲ್ಲರ್ ಹಗ್ಗಿನ್ಸನು ಪಿಪ್ಪನನ್ನು ಕೂಡಿಸಿ, ಅವನ ಸ್ಥಾನದಲ್ಲಿ ಇಪ್ಪತ್ತೆರಡು ತುಂಬದ ಗೆರಿಗನನ್ನು ಇಳಿಸಿದನು. ಪಿಪ್ಪನು ತಲೆನೋವೆಂದು ಮಾತ್ರೆ ಕೇಳಿದನೆಂದೂ, ಈ ದಿನ ವಿಶ್ರಮಿಸಿಕೊ ಎಂದು ಹಗ್ಗಿನ್ಸನು ಹೇಳಿದನೆಂದೂ, ಆ ಒಂದು ದಿನದ ವಿಶ್ರಾಂತಿಯೇ ಅವನ ಕೆಲಸವನ್ನು ನುಂಗಿತೆಂದೂ ಕಥೆಯು ಅಮೆರಿಕದಲ್ಲೆಲ್ಲ ಹಬ್ಬಿದೆ. ರಾಮಾಯಣವನ್ನು ಬಲ್ಲ ನಮ್ಮವರಿಗೆ ಇದು ತಮಾಷೆಯಾಗಿ ತೋರಬಹುದು: ವಾಲಿಯು ಗುಹೆಯಿಂದ ಹಿಂತಿರುಗುವುದರೊಳಗೆ ಸಿಂಹಾಸನವು ಕೈಬಿಟ್ಟಿತ್ತು! ಆದರೆ ಕಥೆಯು ಸರಿಯಲ್ಲ. ಆ ವರ್ಷ ತಂಡವೆಲ್ಲವೂ ಸೋಲಿನಲ್ಲಿತ್ತು. ಪಿಪ್ಪನ ಹೊಡೆತವೂ ಕುಗ್ಗಿತ್ತು. ಹಗ್ಗಿನ್ಸನು ಅಂದು ಪಿಪ್ಪನೊಬ್ಬನನ್ನೇ ಅಲ್ಲದೆ ಬೇರೆಯವರನ್ನೂ ಬದಲಾಯಿಸಿದನು. ತಲೆಯ ಪೆಟ್ಟು ಬಿದ್ದದ್ದು ನಿಜ. ಆದರೆ ಅದು ಒಂದು ತಿಂಗಳ ಮೇಲೆ, ಅಭ್ಯಾಸದಲ್ಲಿ ಚೆಂಡು ತಲೆಗೆ ಬಡಿದು. ಆಸ್ಪತ್ರೆಯಲ್ಲಿ ಮಲಗಬೇಕಾದ ಭಾರಿ ಪೆಟ್ಟು ಅದು. ಜನರು ಎರಡನ್ನೂ ಕಲಸಿ, ಭಾರವಾದುದನ್ನು ಹಗುರ ಮಾಡಿ, ಸೋಮಾರಿಯ ನೀತಿಕಥೆಯೊಂದನ್ನು ಕಟ್ಟಿದರು.

ಅಷ್ಟಕ್ಕೇ ಬಿಡಲಿಲ್ಲ. ನಾಮಪದದಿಂದ ಹುಟ್ಟಿದ ಕ್ರಿಯಾಪದಕ್ಕೆ ನಮ್ಮ ವೈಯಾಕರಣರು ನಾಮಧಾತುವೆನ್ನುತ್ತಾರೆ. ಅಮೆರಿಕದ ಮಾತಿನಲ್ಲಿ ಪಿಪ್ಪನ ಹೆಸರೂ ಒಂದು ನಾಮಧಾತುವಾಗಿದೆ. ಒಂದು ದಿನ ರಜೆ ತೆಗೆದುಕೊಂಡವನು ತನ್ನ ಸ್ಥಾನವನ್ನು ಇನ್ನೊಬ್ಬನಿಗೆ ಕಳೆದುಕೊಂಡರೆ, ಅವನು ‘ವಾಲಿ ಪಿಪ್ ಆದನು’ ಎನ್ನುತ್ತಾರೆ. ಎರಡು ವರ್ಷ ಕೂಟಕ್ಕೆ ಮೊದಲಿಗನಾಗಿದ್ದವನು, ಕೊಲೆಗಡುಕರ ಸಾಲೆಂಬ ಬಿರುದಿನ ಮೊದಲ ಹಕ್ಕುದಾರರಲ್ಲಿ ಒಬ್ಬನಾದವನು, ಗೈರುಹಾಜರಿಗೆ ಪರ್ಯಾಯಶಬ್ದವಾದನು. ಅವನ ಸ್ಥಾನವನ್ನು ಗೆರಿಗನು ಪಡೆದನು. ಸ್ಥಾನದ ಹಿಂದೆಯೇ ಆ ಸಾಲಿನ ಹೆಸರೂ ಹೋಯಿತು. ಪಿಪ್ಪನನ್ನು ಸಿನ್ಸಿನಾಟಿಗೆ ಮಾರಿದರು. ೧೯೨೭ರಲ್ಲಿ ನ್ಯೂಯಾರ್ಕ್ ಆ ಹೆಸರನ್ನು ಕೂಗುತ್ತಿದ್ದಾಗ ಅವನು ಅಲ್ಲಿ ಆಡಿಕೊಂಡಿದ್ದನು.

ಗೆರಿಗನು ಪಡೆದ ಸ್ಥಾನವನ್ನು ಹೇಗೆ ಕಾಪಾಡಿದನೆಂಬುದು ಲೋಕಪ್ರಸಿದ್ಧ. ೧೯೨೫ರ ಜೂನ್ ೧ರಿಂದ ಹದಿನಾಲ್ಕು ವರ್ಷಗಳ ಕಾಲ ಒಂದು ಪಂದ್ಯವನ್ನೂ ಬಿಡದೆ ೨೧೩೦ ಪಂದ್ಯಗಳನ್ನು ಆಡಿದನು. ಅದಕ್ಕೆ ಮೊದಲು ಎವರೆಟ್ ಸ್ಕಾಟ್ ಎಂಬವನು ಆಡಿದ್ದ ೧೩೦೭ ಪಂದ್ಯಗಳೇ ಎಲ್ಲಕ್ಕೂ ಹೆಚ್ಚಿನದಾಗಿತ್ತು. ೧೯೨೯ರಲ್ಲಿ ಯಾಂಕೀಸ್ ತಂಡದವರು ಅಂಗಿಯ ಬೆನ್ನಿನ ಮೇಲೆ ಸಂಖ್ಯೆಗಳನ್ನು ಬರೆಯಿಸಿದಾಗ ದಾಂಡಿನ ಸರದಿಯನ್ನೇ ಅನುಸರಿಸಿದರು: ಕೋಮ್ಸ್ ೧, ಕೇನಿಗ್ ೨, ರೂತ್ ೩, ಗೆರಿಗ್ ೪, ಮ್ಯೂಸಲ್ ೫, ಲಾಜೆರಿ ೬. ಬಾಯಿಮಾತಿನ ಸಾಲು ಬೆನ್ನಿನ ಮೇಲಿನ ಬರಹವಾಯಿತು.

೧೯೩೯ರ ವಸಂತದಲ್ಲಿ ಗೆರಿಗನ ಕೈಕಾಲುಗಳು ಹೇಳಿದ ಮಾತನ್ನು ಕೇಳದಾದುವು. ಮೇ ೨ರಂದು ಡೆಟ್ರಾಯಿಟ್ ನಗರದಲ್ಲಿ ಅವನು ತಾನಾಗಿ ಮೇಲ್ವಿಚಾರಕನ ಬಳಿಗೆ ಹೋಗಿ, ಇಂದು ನನ್ನನ್ನು ಬಿಡಿರೆಂದು ಕೇಳಿಕೊಂಡನು. ಆ ದಿನ ಆಟವನ್ನು ನೋಡಲು ಬಂದವರಲ್ಲಿ ವಾಲಿ ಪಿಪ್ಪನೂ ಇದ್ದನು. ಅದೇ ಪ್ರಾಂತ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಅವನ ಊರು. ಯಾರ ಎಡೆಯಲ್ಲಿ ಕುಳಿತಿದ್ದನೋ ಅವನ ಕಣ್ಣೆದುರಿಗೇ ಗೆರಿಗನು ಎಡೆಬಿಟ್ಟು ಎದ್ದನು. ಜೂನ್ ೧೯ರಂದು, ಗೆರಿಗನಿಗೆ ಮೂವತ್ತಾರು ತುಂಬಿದ ದಿನವೇ, ವೈದ್ಯರು ರೋಗದ ಹೆಸರನ್ನು ಹೇಳಿದರು. ಸ್ನಾಯುಗಳನ್ನು ಆಳುವ ನರಗಳು ಒಂದೊಂದಾಗಿ ಸಾಯುವ ರೋಗ ಅದು. ಅದನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಅಮೆರಿಕದಲ್ಲಿ ಇಂದಿಗೂ ಜನರು ಅದನ್ನು ಲೂ ಗೆರಿಗನ ರೋಗವೆಂದೇ ಕರೆಯುತ್ತಾರೆ. ಪಿಪ್ಪನನ್ನು ಕ್ರಿಯಾಪದ ಮಾಡಿದ ಲೋಕವು ಗೆರಿಗನನ್ನು ರೋಗದ ಹೆಸರು ಮಾಡಿತು.

ಅದೇ ವರ್ಷ ಜುಲೈ ೪ರಂದು ನ್ಯೂಯಾರ್ಕಿನ ಬಯಲಿನಲ್ಲಿ ಗೆರಿಗನನ್ನು ಗೌರವಿಸಿ ಬೀಳ್ಕೊಟ್ಟರು. ೧೯೨೭ರ ಸಂಗಡಿಗರು ದೂರದೂರದಿಂದ ಬಂದರು. ರೂತ್ ಬಂದು ಅಪ್ಪಿಕೊಂಡನು. ಯಾರ ದಾಖಲೆಯನ್ನು ಗೆರಿಗನು ಮುರಿದಿದ್ದನೋ ಆ ಎವರೆಟ್ ಸ್ಕಾಟ್ ಬಂದನು. ಯಾರ ಸ್ಥಾನವನ್ನು ಪಡೆದಿದ್ದನೋ ಆ ವಾಲಿ ಪಿಪ್ ಬಂದನು. ರಾಮಾಯಣದ ವಾಲಿಯು ಮರಳಿ ಬಂದುದು ಯುದ್ಧಕ್ಕೆ. ಈ ವಾಲಿಯು ಬಂದುದು ಕೈಹಿಡಿದು ನಿಲ್ಲುವುದಕ್ಕೆ. ಗೆರಿಗನು ಆ ದಿನ ತನ್ನನ್ನು ಭಾಗ್ಯವಂತನೆಂದು ಹೇಳಿಕೊಂಡನೆಂಬುದು ಎಲ್ಲರಿಗೂ ಗೊತ್ತು. ತನಗಿಂತ ಮುಂಚೆ ಆ ನೆಲೆಯಲ್ಲಿ ನಿಂತಿದ್ದವನು ಎದುರಿಗೆ ನಿಂತಿದ್ದಾಗ ಆ ಮಾತಿಗೆ ಇನ್ನೊಂದು ಅರ್ಥವೂ ಉಂಟೆಂದು ನಮಗೆ ತೋರುತ್ತದೆ. ಅವನ ಬೆನ್ನಿನ ೪ ಎಂಬ ಸಂಖ್ಯೆಯನ್ನು ಇನ್ನು ಯಾರಿಗೂ ಕೊಡಕೂಡದೆಂದು ತಂಡದವರು ತೀರ್ಮಾನಿಸಿದರು. ಆ ದೇಶದ ದೊಡ್ಡ ಕೂಟಗಳ ಬೇಸ್‌ಬಾಲಿನಲ್ಲಿ ಅಂಥ ಗೌರವವು ಅದೇ ಮೊದಲು. ಗೆರಿಗನು ತೀರಿಕೊಂಡುದು ೧೯೪೧ರ ಜೂನ್ ೨ರಂದು. ಪಿಪ್ಪನ ಸ್ಥಾನದಲ್ಲಿ ಇಳಿದು ಅಂದಿಗೆ ಸರಿಯಾಗಿ ಹದಿನಾರು ವರ್ಷ.

ಉಳಿದವರ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೂರ್ಛೆರೋಗವನ್ನು ಹೊತ್ತುಕೊಂಡೇ ಆಡುತ್ತಿದ್ದ ಲಾಜೆರಿ ೧೯೪೬ರಲ್ಲಿಯೂ, ರೂತ್ ೧೯೪೮ರಲ್ಲಿಯೂ ತೀರಿಕೊಂಡರು. ಆರು ಜನರಲ್ಲಿ ನಾಲ್ವರು ಬೇಸ್‌ಬಾಲಿನ ಕೀರ್ತಿಮಂದಿರವನ್ನು ಸೇರಿದ್ದಾರೆ. ಮ್ಯೂಸಲನೂ ಕೇನಿಗನೂ ಸೇರಿಲ್ಲ. ಹಳೆಯ ಸಾಲಿನಿಂದ ಬೇಕರನೊಬ್ಬನು ಅಲ್ಲಿದ್ದಾನೆ. ಆ ಸಾಲಿನಲ್ಲಿ ಅತ್ಯಂತ ಸಾಮಾನ್ಯನೆಂದು ಎಣಿಸಿದ್ದ ಕೇನಿಗನೇ ೧೯೨೭ರ ತಂಡದವರಲ್ಲೆಲ್ಲ ಹೆಚ್ಚು ಕಾಲ ಬದುಕಿ ೧೯೯೩ರಲ್ಲಿ ತೀರಿಕೊಂಡನು. ಪಿಪ್ಪನು ೧೯೬೫ರಲ್ಲಿ ಹೋದನು.

ಹೆಸರೆಂಬುದು ಇಟ್ಟವನದಲ್ಲ, ಇಡಿಸಿಕೊಂಡವನದೂ ಅಲ್ಲ, ಕರೆಯುವವರದು. ನಮ್ಮ ಮನೆಗಳಲ್ಲಿಯೂ ಇಂಥ ಸಾಲುಗಳುಂಟು. ಮನೆಯ ಕಂಬಗಳೆಂದು ಯಾರೋ ನಾಲ್ವರಿಗೆ ಹೆಸರು ಬಂದಿರುತ್ತದೆ. ಆ ಹೆಸರು ಮೊದಲು ಯಾವ ಅಜ್ಜನಿಗೆ, ಯಾವ ಚಿಕ್ಕಪ್ಪನಿಗೆ ಇತ್ತೋ ಮಕ್ಕಳಿಗೆ ತಿಳಿಯದು. ಕಂಬಗಳ ಪಕ್ಕದಲ್ಲಿ ನಿದ್ದೆಗೆಟ್ಟು ದುಡಿದ ಅತ್ತೆಗೋ ದೊಡ್ಡಮ್ಮನಿಗೋ ಯಾವ ಹೆಸರೂ ಬಂದಿರುವುದಿಲ್ಲ. ಹಿರಿಯರಿರುವಾಗಲೇ ಕೇಳಿ ತಿಳಿದು ಬರೆದಿಡುವುದು ಒಳ್ಳೆಯದೆಂದು ನಮ್ಮ ವಾಚಕರಲ್ಲಿ ಬಿನ್ನವಿಸುತ್ತೇವೆ. ಇನ್ನು, ಅಮೆರಿಕದಲ್ಲಿರುವ ಮಕ್ಕಳಾಗಲಿ ಮೊಮ್ಮಕ್ಕಳಾಗಲಿ ಮಾತಿನ ನಡುವೆ ಯಾರನ್ನಾದರೂ ‘ವಾಲಿ ಪಿಪ್ ಆದನು’ ಎಂದು ನಕ್ಕರೆ, ೧೯೧೬ರಲ್ಲಿಯೂ ೧೯೧೭ರಲ್ಲಿಯೂ ಕೂಟಕ್ಕೆ ಮೊದಲಿಗನು ಯಾರೆಂದು ಅವರನ್ನು ಕೇಳಿ ನೋಡಬಹುದು.